ಅವ್ವನ ಕಿವಿಗೆ ಕರೆಂಟು

ಅಪ್ಪಾ,

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರಿಂದಲೋ ತಿಳಿದು ಹುಬ್ಬು ಗಂಟು ಹಾಕಿಕೊಳ್ಳಬೇಡ. ನಾನು ಅವ್ವನ ಕಿವಿಗೆ ಕರೆಂಟು ಕೊಡುತ್ತಿದ್ದೇನೆ. ಹೌದು, ಕರೆಂಟೇ. ನಿನ್ನನ್ನು ನಮ್ಮಿಂದ ಕಿತ್ತುಕೊಂಡು ಹೋಯಿತಲ್ಲ, ಅದೇ ಜಾತಿಯದು, ತೀರಾ ಸಣ್ಣದು ಅಷ್ಟೆ. ಕೂಗಾಡಬೇಡ, ಪೂರ್ತಿ ಕೇಳು. ಬದುಕಿದ್ದಾಗ ಒಂದು ದಿನವಾದರೂ ನನ್ನ ಮಾತನ್ನು ಪೂರ್ತಿ ಕೇಳಿದವನಲ್ಲ ನೀನು. ಈಗ ಎಲ್ಲಿಗೆ ಎದ್ದು ಹೋಗುತ್ತೀಯ, ನೋಡುತ್ತೇನೆ.

ಗಂಡನ ಮನೆ ಬಿಟ್ಟು ಬಂದ ವರ್ಷ ನೀನು ನನ್ನನ್ನು ಹೊಸ ಅಗ್ರಹಾರದ ಅಂಗಡಿಗೆ ಕರೆದುಕೊಂಡು ಹೋಗಿ, ಸುಟ್ಟು ಕರಕಲಾದ ಪಂಪ್ ಮೋಟರಿನ ಮುಂದೆ ಕೂರಿಸಿದ್ದು ನೆನಪಿದೆಯಾ? ಹಳೇ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದನ್ನು ಕಲಿಸುತ್ತಾ, ಅಳೋದಾದರೆ ಅಳು, ಕೈ ಮಾತ್ರ ನಿಲ್ಲಿಸಬೇಡ ಅಂದಿದ್ದೆ. ಅತ್ತುಕೊಂಡೇ ಕಲಿತೆ. ಕಾಯಿಲ್ ಸುತ್ತುವುದಕ್ಕಿಂತ ಮೊದಲು ನೀನು ಕಲಿಸಿದ್ದು ಕೈ ತಿರುಗಿಸುವುದು. ಟೆಸ್ಟರ್ ಇಟ್ಟು ನೋಡಿದ ಮೇಲೂ, ಯಾವ ಮೋಟರನ್ನೇ ಆಗಲಿ, ಸ್ವಿಚ್ಚಿನ ಪೆಟ್ಟಿಗೆಯನ್ನೇ ಆಗಲಿ, ಅಂಗೈಯಲ್ಲಿ ಮುಟ್ಟಬಾರದು. ಕೈಯ ಹಿಂಬದಿ ತಾಗಿಸಿ ನೋಡಬೇಕು. ಅಂಗೈಗೆ ತಗುಲಿದರೆ ಬೆರಳು ತಾನಾಗೇ ಮಡಚಿ ಹಿಡಿದುಕೊಂಡುಬಿಡುತ್ತೆ, ಹಿಂಬದಿಗಾದರೆ ಕೈ ಆಚೆಗೆ ಹಾರುತ್ತೆ. ಬೀಗರ ಮನೆಯ ಫ್ರಿಜ್ಜಿನ ಬಾಗಿಲಿಗೂ ನೀನು ಕೈ ತಿರುಗಿಸಿ ಮುಟ್ಟಿ ಎಲ್ಲರೂ ನಕ್ಕಿದ್ದರು. ಅಂಥವನು ಅವತ್ತು ಯಾಕಪ್ಪಾ...

ಇರಲಿ. ಅವತ್ತಿನದನ್ನು ನಿನಗೆ ನಾನೇನು ಹೇಳುವುದು. ನಾಲೆಯಲ್ಲಿ ನೀರು ನಿಂತಿತ್ತು, ತೆಂಗಿಗೆ ಅಂತ ಚುಂಚನಕಟ್ಟೆ ಕಡೆಯ ಹೊಲದಲ್ಲಿ ನೀನು ಬೋರು ಬಿಟ್ಟಿದ್ದೆ. ಎರಡು ಹನಿ ಮಳೆ ಬಿದ್ದು ಪಂಪ್ ಮನೆಯ ನೆಲ ಒದ್ದೆಯಾಗಿತ್ತು. ಆಫ್ ಮಾಡಲು ಹೋದವನು ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆ ಹಿಡಿದೆ. ಬದುವಿನ ಮೇಲಿದ್ದ ಅವ್ವ ಓಡಿಬಂದು ಬಿದಿರಿನ ಗಳ ಹಾಕಿ ನಿನ್ನನ್ನು ತಳ್ಳಿದಳು. ತಳ್ಳಿದ್ದು ಸರಿಯಾಗಿಯೇ ಇತ್ತು, ಆದರೆ ಹೊತ್ತು ಮೀರಿತ್ತು. ಅರ್ಧ ತಾಲ್ಲೂಕಿನ ಮೋಟರು ರಿಪೇರಿ ಮಾಡಿದವನು ನಮ್ಮ ಪೆಟ್ಟಿಗೆಯ ಅರ್ಥಿಂಗನ್ನು ಮಾತ್ರ ನಾಳೆ ನೋಡೋಣ, ನಾಳೆ ನೋಡೋಣ ಅಂತ ಮುಂದಕ್ಕೆ ಹಾಕುತ್ತಲೇ ಇದ್ದೆ. ನನಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆ. ಹೋದವರ ಮೇಲೆ ಸಿಟ್ಟು ಮಾಡಬಾರದಂತೆ. ಮಾಡಿದ್ದೀನಿ, ಏನು ಮಾಡುತ್ತೀಯ?

ತಿಥಿಯ ದಿನ ಹೆಂಗಸರು ಅವ್ವನ ಬಳೆ ತೆಗೆದರು, ಕಾಲುಂಗುರ ತೆಗೆದರು. ಕಿವಿಯ ವಾಲೆಯನ್ನು ಯಾರೂ ಕೇಳಲಿಲ್ಲ, ಈಗ ಯಾರೂ ಕೇಳುವುದೂ ಇಲ್ಲ. ಅವಳೇ ತಿರುಪು ಬಿಚ್ಚಿ ತೆಗೆದು ದೇವರ ಗೂಡಿನಲ್ಲಿಟ್ಟಳು. ನೀನು ಮೊದಲ ಸಲ ಸ್ವಂತ ಅಂಗಡಿ ಹಾಕಿದಾಗ ತಂದುಕೊಟ್ಟ ಕೆಂಪು ಹರಳಿನ ವಾಲೆ ಅದು. ಆಮೇಲೆ ಎರಡು ಕಿವಿಗೂ ಒಂದೊಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು, ತೂತು ಮುಚ್ಚಿಹೋಗದಿರಲಿ ಅಂತ. ಹಾಕುವುದೇ ಇಲ್ಲ ಅಂದಮೇಲೆ ತೂತು ಯಾಕೆ ಉಳಿಸಿಕೊಳ್ಳುತ್ತೀಯ ಅಂತ ಕೇಳಿದರೆ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು.

ಕರೆಂಟಿನ ಜೊತೆಗಂತೂ ಅವಳು ಮಾತೇ ಬಿಟ್ಟಳು. ಮಿಕ್ಸಿ ಅಟ್ಟ ಸೇರಿತು, ಚಟ್ನಿ ಒರಳಿಗೆ ವಾಪಸ್ಸು ಬಂತು. ದೀಪದ ಸ್ವಿಚ್ಚನ್ನು ಪೊರಕೆಯ ಹಿಡಿಯಿಂದ ಒತ್ತುವಳು. ನಾನು ಅದೇ ಕೆಲಸ ಮಾಡಿ ಮನೆ ನಡೆಸುವುದು ಅವಳಿಗೆ ಗೊತ್ತು. ದಿನಾ ಬೆಳಿಗ್ಗೆ ಅಂಗಡಿಗೆ ಹೊರಟಾಗ ನನ್ನ ಚಪ್ಪಲಿ ರಬ್ಬರಿನದೋ ಅಲ್ಲವೋ ಅಂತ ಬಗ್ಗಿ ನೋಡುವಳು.

ಹೋದ ವರ್ಷ ಅವಳಿಗೊಂದು ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಬೇರೊಂದು ಹಿಡಿದುಕೊಂಡಿತು. ಕೂತವಳು ಎದ್ದು ನಿಂತರೆ ಎದೆ ಡವಡವ ಹೊಡೆದುಕೊಳ್ಳುವುದು, ಬೆವರು ಕಿತ್ತುಕೊಂಡು ಬರುವುದು, ಕಣ್ಣು ಕತ್ತಲೆ ಬಂದು ಬೀಳುವುದು. ಕೊಟ್ಟಿಗೆಯಲ್ಲಿ ಬಿದ್ದಳು. ಬಚ್ಚಲಲ್ಲಿ ಬಿದ್ದು ತುಟಿ ಸೀಳಿತು. ಒಂದು ಬೆಳಿಗ್ಗೆ ನೀರೊಲೆಯ ಪಕ್ಕವೇ ಬಿದ್ದಳು. ಸೀರೆಯ ಸೆರಗು ಉರಿಗೆ ಒಂದು ಗೇಣು ಆಚೆಗಿತ್ತು. ಅವತ್ತು ನಾನು ಅಂಗಡಿಗೆ ಹೋಗದೆ ಅವಳನ್ನು ಮೈಸೂರು ಬಸ್ಸು ಹತ್ತಿಸಿದೆ. ಒಬ್ಬಳನ್ನೇ ಬಿಟ್ಟು ಹೋದ ದಿನ ಯಾವ ಕಲ್ಲಿಗೆ ಯಾವ ತಲೆಯೋ ಅಂತ ನನ್ನ ಜೀವ ಅಂಗಡಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ ಅಪ್ಪಾ.

ಮೈಸೂರಿನ ಡಾಕ್ಟರಮ್ಮ ಒಳ್ಳೆಯವರು, ಬಿಡಿಸಿ ಹೇಳುತ್ತಾರೆ. ಅವ್ವನನ್ನು ಮಲಗಿಸಿ ಬಿಪಿ, ನಾಡಿ ನೋಡಿದರು, ನಿಲ್ಲಿಸಿ ನೋಡಿದರು. ಎದೆಯಲ್ಲಿ ದೋಷವಿಲ್ಲ, ನರದ್ದು ಅಂದರು. ನಮ್ಮನ್ನು ಕೇಳದೆ ತಾವೇ ಕೆಲಸ ಮಾಡುವ ನರಗಳಿವೆಯಂತೆ. ಎದೆಬಡಿತ, ಬೆವರು, ಹೊಟ್ಟೆ, ರಕ್ತದ ಒತ್ತಡ ಎಲ್ಲ ಅವುಗಳ ಕೈಲಿ. ಅದರಲ್ಲಿ ಓಡಿಸುವ ನರ ಬೇರೆ, ತಡೆದು ನಿಧಾನ ಮಾಡುವ ನರ ಬೇರೆ. ಎದ್ದು ನಿಂತಾಗ ಕಾಲಿಗೆ ಇಳಿದ ರಕ್ತವನ್ನು ಮೇಲಕ್ಕೆ ಕಳಿಸುವ ಲೆಕ್ಕ ತಪ್ಪಿದೆ, ಅದನ್ನು ತುಂಬಿಸಿಕೊಡಲು ಎದೆ ಒದ್ದಾಡುತ್ತಿದೆ ಅಂದರು. ನಿನಗೆ ಹೇಳುವುದಾದರೆ, ವೋಲ್ಟೇಜು ಕಮ್ಮಿ ಬಂದಾಗ ಮೋಟರು ಜಾಸ್ತಿ ಕರೆಂಟು ಎಳೆದು ಬಿಸಿಯಾಗುತ್ತಲ್ಲ, ಹಾಗೆ. ಜ್ವರದಿಂದ ಆಯಿತೋ ದುಃಖದಿಂದಲೋ ಅಂತ ಕೇಳಿದೆ. ಜ್ವರದಿಂದ ಆಗುವುದುಂಟು, ಇನ್ನೊಂದನ್ನು ನಾನು ಅಳೆಯಲಾರೆ ಅಂದರು.

ಮಾತ್ರೆ ಅವಳಿಗೆ ಒಗ್ಗಲಿಲ್ಲ. ಆಗ ಅವರು ಈ ಮಿಷಿನ್ನು ತೋರಿಸಿದರು. ತಡೆಯುವ ನರದ ಒಂದು ಕವಲು ಕಿವಿಯ ಒಳಬದಿಯಲ್ಲಿ ಚರ್ಮದ ಹತ್ತಿರಕ್ಕೆ ಬರುತ್ತದಂತೆ. ಕಿವಿಯ ತೂತಿನ ಮುಂದೆ ಬಾಗಿಲ ಹಾಗೆ ಸಣ್ಣದೊಂದು ಮೃದು ಮೂಳೆ ಇದೆಯಲ್ಲ, ಅದಕ್ಕೆ ಕ್ಲಿಪ್ಪು ಹಾಕಿ ಸಣ್ಣಗೆ ಕರೆಂಟು ಬಿಟ್ಟರೆ ಕೆಲವರಿಗೆ ಎದೆಬಡಿತ ಹದಕ್ಕೆ ಬಂದಿದೆಯಂತೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಇದು ಇನ್ನೂ ಹೊಸದು, ಗ್ಯಾರಂಟಿ ಕೊಡಲ್ಲ, ನೋಡೋಣ ಅಂದರು. ಆಸ್ಪತ್ರೆಯವರೇ ಕೆಲವು ತಿಂಗಳ ಮಟ್ಟಿಗೆ ಕೊಟ್ಟು ಕಳಿಸಿದರು. ಮನೆಗೆ ಬಂದು ಮೊದಲು ನನ್ನ ಕಿವಿಗೆ ಹಾಕಿ ನೋಡಿದೆ. ಜುಮ್ಮೆಂದಿತು, ಅಷ್ಟೆ. ಆದರೆ ಅವ್ವನಿಗೆ ಕರೆಂಟು ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ. ಬ್ಯಾಟರಿ ಸೆಲ್ಲಿನದು, ಮಾಲೀಷು ಮಾಡಿದ ಹಾಗೆ ಅಂದುಬಿಟ್ಟೆ.

ಎರಡು ದಿನ ಹಾಕಿಸಿಕೊಂಡಳು. ಮೂರನೆಯ ಬೆಳಿಗ್ಗೆ ಅದು ಗೋಡೆಯ ಪ್ಲಗ್ಗಿನಲ್ಲಿ ಚಾರ್ಜಿಗೆ ಸಿಕ್ಕಿಸಿದ್ದನ್ನು ನೋಡಿದಳು. ವೈರು ಎಲ್ಲಿಂದ ಬಂದು ಎಲ್ಲಿಗೆ ಹೋಗಿದೆ ಅಂತ ಕಣ್ಣಲ್ಲೇ ಅಳೆದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು, "ನಿಮ್ಮಪ್ಪುನ್ನ ತಿಂದಿದ್ದು ಸಾಲ್ದಾಗಿತ್ತಾ ಕಣೆ ಅದಕ್ಕೆ? ನನ್ ಕಿವೀಗೂ ತಂದ್ಯಾ?" ಕೂಗಿದ್ದರೆ ನಾನೂ ಕೂಗುತ್ತಿದ್ದೆ. ಆ ದಿನದಿಂದ ಅವಳು ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟು, ಹಸುವಿನ ಜೊತೆ ಮಾತಾಡುವಳು.

ಆಗ ಬೆಟ್ಟದಪುರದಿಂದ ಬಂದವಳು ನಿನ್ನ ತಂಗಿ, ತಾಯಮ್ಮತ್ತೆ. ಹೊಗೆಸೊಪ್ಪಿನ ಕೆಲಸ ಮುಗಿಸಿ, ಅತ್ತಿಗೆಯನ್ನು ನೋಡಿಕೊಳ್ಳುತ್ತೇನೆ ಅಂತ ಗಂಟು ಕಟ್ಟಿಕೊಂಡು ಬಂದಳು. ಬಂದ ವಾರದಲ್ಲೇ ರಾಜಿ ಮಾಡಿಸಿದಳು. ಹೇಗೆ ಮಾಡಿಸಿದಳೋ ನಾನು ಕೇಳಲಿಲ್ಲ. ಮಧ್ಯಾಹ್ನ ಉಂಡ ಮೇಲೆ ನಾವೇ ಹಾಕಿಕೊಳ್ಳುತ್ತೇವೆ, ನೀನು ಅಂಗಡಿ ನೋಡು ಹೋಗು ಅಂದರು. ಸಂಜೆ ಬಂದು ಹಾಕಿಕೊಂಡೆಯಾ ಅಂದರೆ ಅವ್ವ ಹೂಂ ಅನ್ನುವಳು. ನಿಜವಾಗಿಯೂ ಅವಳು ಸುಧಾರಿಸುತ್ತಾ ಬಂದಳು ಅಪ್ಪಾ. ಎದ್ದರೆ ಗೋಡೆ ಹಿಡಿಯುತ್ತಿರಲಿಲ್ಲ. ಜಗಲಿ ಇಳಿದು ಅರಳಿಕಟ್ಟೆಯವರೆಗೆ ನಡೆದಳು. ಡಾಕ್ಟರಮ್ಮನಿಗೆ ಫೋನು ಮಾಡಿ, ನಿಮ್ಮ ಮಿಷಿನ್ನು ಗೆದ್ದಿತು ಕಣ್ರೀ ಅಂತ ಬೀಗಿದೆ.

ಒಂದು ಮಧ್ಯಾಹ್ನ ಕಾಯಿಲಿಗೆ ಹಚ್ಚುವ ವಾರ್ನಿಷ್ ಡಬ್ಬ ಮರೆತಿದ್ದೆ ಅಂತ ಮನೆಗೆ ಬಂದೆ. ಅತ್ತಿಗೆ ನಾದಿನಿ ಇಬ್ಬರೂ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಅವ್ವ ಕಣ್ಣು ಮುಚ್ಚಿದ್ದಳು. ಅವಳ ಮಡಿಲಲ್ಲಿ ಬೇವಿನ ಕಡ್ಡಿ. ಕಿವಿಯಲ್ಲಿ ಕ್ಲಿಪ್ಪು. ಎಲ್ಲಿ ಗೊತ್ತಾ? ಕೆಳಗೆ, ಮೆತ್ತನೆಯ ಹಾಲೆಯಲ್ಲಿ, ವಾಲೆ ಇದ್ದ ಜಾಗದಲ್ಲಿ! ಅತ್ತೆ ನನಗೇ ಪಾಠ ಹೇಳಿದಳು. "ನರಕ್ಕೆ ಅಂತ್ಲೇ ತಾನೆ ದೊಡ್ಡೋರು ಅಲ್ಲಿ ಕಿವಿ ಚುಚ್ಚೋದು? ನೀನು ಒಳೀಕೆ ಎಲ್ಲೆಲ್ಲೋ ಸಿಗಾಕ್ಬುಟ್ರೆ ಅತ್ಗೆ ಎದ್ರುಕತಳೆ ಬುಡು." ಅವ್ವ ಕಣ್ಣು ಬಿಡದೇ ಹೇಳಿದಳು, ಮೊದಲ ದಿನ ವಾಲೆ ಹಾಕಿಕೊಂಡಾಗಲೂ ಹೀಗೇ ಜುಮ್ ಅಂದಿತ್ತು ಅಂತ.

ನನಗೆ ನಗು ಬಂತು. ಮೈಸೂರಿನ ಬಸ್ಸಿನಲ್ಲಿ ಕೂತ ಮೇಲೆ ನಗು ಇಳಿಯಿತು. ಡಾಕ್ಟರಮ್ಮನಿಗೆ ನಡೆದದ್ದು ಹೇಳಿದೆ. ಆ ನರ ಹಾಲೆಗೆ ಬರುವುದೇ ಇಲ್ಲವಂತೆ. ಮಿಷಿನ್ನು ನಿಜವಾಗಿ ಕೆಲಸ ಮಾಡುತ್ತದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವವರು, ಹೋಲಿಸಿ ನೋಡಲು, ಹಾಕಿದ ಹಾಗೂ ಇರಬೇಕು, ಕೆಲಸವೂ ಆಗಬಾರದು ಅಂತ ಕ್ಲಿಪ್ಪು ಹಾಕುವ ಜಾಗವೇ ಅದಂತೆ. ಹಾಗಾದರೆ ಅವ್ವ ಹೇಗೆ ಸುಧಾರಿಸಿದಳು? ನೀರು, ಉಪ್ಪು ಜಾಸ್ತಿ ಮಾಡಿದ್ದೀರಿ, ನಿಧಾನಕ್ಕೆ ಏಳುವುದು ಕಲಿತಿದ್ದಾರೆ, ಪಕ್ಕದಲ್ಲಿ ಜನ ಇದ್ದಾರೆ, ನಂಬಿಕೆಯೂ ಇರಬಹುದು, ಕಾಲವೂ ಇರಬಹುದು ಅಂದರು. ಸರಿಯಾದ ಜಾಗಕ್ಕೆ ಹಾಕಿ ನೋಡುವುದು ವಾಸಿ, ಇಷ್ಟಕ್ಕೇ ಬಿಟ್ಟರೆ ಮತ್ತೆ ಬಿದ್ದಾರು ಅಂತಲೂ ಅಂದರು.

ನೀನಾಗಿದ್ದರೆ ಏನು ಮಾಡುತ್ತಿದ್ದೆ? ಓಡುತ್ತಿರುವ ಮೋಟರನ್ನು ಬಿಚ್ಚಬೇಡ ಅಂತಿದ್ದವನು ನೀನು. ಒಂದು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದವಳು ನಾನು. ಈಗ ಅದು ತಪ್ಪು ಜಾಗ, ಇಷ್ಟು ದಿನ ಏನೂ ಆಗುತ್ತಿರಲಿಲ್ಲ ಅಂತ ಹೇಳಿದರೆ ಅವಳ ಧೈರ್ಯವೂ ಕಳಚಿಬಿದ್ದರೆ? ಹೇಳದೆ ಹೋಗಿ ನೀರೊಲೆಯ ಮೇಲೇ ಬಿದ್ದರೆ? ಅಂಗಡಿಯಲ್ಲಿ ಒಂದೇ ಕಾಯಿಲನ್ನು ತಪ್ಪಾಗಿ ಸುತ್ತುವುದು, ಬಿಚ್ಚುವುದು. ದಿನ ಮುಂದಕ್ಕೆ ಹಾಕಿದೆ. ನಾಳೆ ಹೇಳೋಣ, ನಾಳೆ ಹೇಳೋಣ. ಯಾರ ಮಗಳು ಹೇಳು.

ಅಷ್ಟರಲ್ಲಿ ಅವಳು ಬಿದ್ದಳು. ಬಿಸಿಲಲ್ಲಿ ರಾಗಿ ಒಣಹಾಕಿ ನಿಂತಿದ್ದವಳು ಹಾಗೆಯೇ ಹಿಂದಕ್ಕೆ ಹೋದಳು. ಜಗಲಿ ಕಲ್ಲು ತಲೆಗೆ ತಗುಲಿ ಹೊಲಿಗೆ ಬಿತ್ತು. ಕೆ.ಆರ್. ನಗರದಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದ ಸಂಜೆಯೇ ನಾನು ಅವಳ ಮುಂದೆ ಕೂತು ಎಲ್ಲ ಹೇಳಿದೆ. ಇದು ಕರೆಂಟೇ ಅಂದೆ. ಹಾಕಿದ ಜಾಗ ತಪ್ಪು ಅಂದೆ. ಸರಿಯಾದ ಜಾಗದಲ್ಲೂ ವಾಸಿಯಾಗುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ, ಅದನ್ನೂ ಹೇಳಿದೆ. ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡಳು. ಅವ್ವ ತುಂಬ ಹೊತ್ತು ಕಿವಿಯ ಕಡ್ಡಿ ತಿರುಗಿಸುತ್ತಾ ಕೂತಿದ್ದಳು. ಆಮೇಲೆ ಹೇಳಿದ್ದು ಕಿವಿಯ ಮಾತಲ್ಲ. ಇಷ್ಟು ದಿನ ಒಬ್ಬರಿಗೂ ಹೇಳದ ಮಾತು.

"ಅವತ್ತು ನಾನೇ ಕೂಗಿದ್ದು ಕಣೆ. ಮುದ್ದೆ ಆರೋಯ್ತದೆ, ಬಿರ್ನೆ ಬನ್ನಿ ಅಂತ. ಅದ್ಕೇ ಅವ್ರು ಕೈ ತಿರುಗ್ಸಿ ನೋಡ್ನಿಲ್ಲ."

ಎದೆ ಯಾವಾಗ ಡವಡವ ಅಂದರೂ ಅವಳಿಗೆ ಅವಳ ಕೂಗೇ ಕೇಳಿಸುತ್ತದಂತೆ. ವಾಲೆಯ ಜಾಗಕ್ಕೆ ಜುಮ್ ಅಂದಾಗ ಮಾತ್ರ, ಸ್ವಲ್ಪ ಹೊತ್ತು, ನೀನು ಅಂಗಡಿ ಹಾಕಿದ ಆ ವರ್ಷ ನೆನಪಿಗೆ ಬರುತ್ತಿತ್ತಂತೆ. ಹೇಳು ಅಪ್ಪಾ, ಅವಳು ಕೂಗಿದ್ದಕ್ಕೇ ಅವಸರ ಮಾಡಿದೆಯಾ? ಅವಳಿಗಂತೂ, ಕಾರಣ ಅವಳ ಕೂಗಲ್ಲ, ನಿನ್ನ ಪೆಟ್ಟಿಗೆ, ನಿನ್ನ ನಾಳೆ, ನಿನ್ನ ಸೋಮಾರಿತನ ಅಂತ ಹೇಳಿದೆ. ನಂಬಿದಳೋ ಇಲ್ಲವೋ. ನಿಜ ನಿನಗೊಬ್ಬನಿಗೇ ಗೊತ್ತು. ಕನಸಿನಲ್ಲಾದರೂ ಬಂದು ಅವಳಿಗೆ ಹೇಳಬಾರದಾ? ನನ್ನ ಕನಸಿಗೆ ಬಂದು ವಾರ್ನಿಷ್ ಒಣಗಿಲ್ಲ ಅಂತ ಬೈಯಲು ನಿನಗೆ ಪುರುಸೊತ್ತಿದೆ.

ಅವಳೇ ಮಿಷಿನ್ನು ತರಿಸಿದಳು. ಮೊದಲು ನೀನು ಹಾಕ್ಕೊ ಅಂದಳು. ಹಾಕಿಕೊಂಡೆ. ನನ್ನ ಮುಖವನ್ನೇ ನೋಡುತ್ತಾ ಕೂತಳು, ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ. ಕೊನೆಗೆ ತನ್ನ ಎಡಗಿವಿ ನನ್ನ ಕಡೆ ತಿರುಗಿಸಿದಳು. ಕ್ಲಿಪ್ಪು ಹಾಕುವಾಗ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಳು, ಆದರೆ ಕೀಳಲಿಲ್ಲ. ಆವತ್ತಿನಿಂದ ಸರಿಯಾದ ಜಾಗಕ್ಕೇ ಹಾಕುತ್ತಿದ್ದೇನೆ, ಅಂಗಡಿಗೆ ಹೊರಡುವ ಮೊದಲು, ನಾನೇ ಪಕ್ಕದಲ್ಲಿ ಕೂತು. ವಾಸಿಯಾಗಿದೆ ಅಂತ ನಿನಗೆ ಬರೆಯಲಾರೆ. ಕೆಲವು ದಿನ ನಾಡಿ ಹಿಡಿದರೆ ನಿಂತಾಗಲೂ ಹದವಾಗಿರುತ್ತೆ, ಕೆಲವು ದಿನ ಕಂಬ ಹಿಡಿದು ನಿಲ್ಲುತ್ತಾಳೆ. ಡಾಕ್ಟರಮ್ಮ ಇನ್ನೂ ನೋಡೋಣ ಅಂತಲೇ ಅನ್ನುತ್ತಾರೆ. ಅಂಗಡಿಯಲ್ಲಿ ಫೋನು ಬಡಿದರೆ ಇವತ್ತಿಗೂ ಕೈಯಲ್ಲಿದ್ದ ಕಾಯಿಲ್ ಬಿಟ್ಟು ಓಡುತ್ತೇನೆ.

ಇವತ್ತಿನದು ಹೇಳಬೇಕು ಅಂತಲೇ ಇಷ್ಟೆಲ್ಲ ಬರೆದೆ. ನಾಲೆ ಮತ್ತೆ ನಿಂತಿದೆ, ಬೋರು ಬಿಡಲು ಹೊಲಕ್ಕೆ ಹೊರಟಿದ್ದೆ. ನಾನೂ ಬತ್ತೀನಿ ಅಂತ ಅವ್ವ ಚಪ್ಪಲಿ ಮೆಟ್ಟಿದಳು. ನಾನು ಬೇಡ ಅಂದೆ, ಅತ್ತೆ ಬೇಡ ಅಂದಳು, ಯಾರ ಮಾತು ಕೇಳುತ್ತಾಳೆ? ಅತ್ತೆಯೂ ಹಿಂದೆಯೇ ಬಂದಳು. ಅವ್ವ ಬದುವಿನ ಮೇಲೆ ಎರಡು ಕಡೆ ಕೂತು ಸುಧಾರಿಸಿಕೊಂಡಳು. ನೀನು ಹೋದ ದಿನದ ನಂತರ ಅವಳು ಪಂಪ್ ಮನೆಯೊಳಗೆ ಕಾಲಿಟ್ಟದ್ದು ಇದೇ ಮೊದಲು. ಹೊಸ ಪೆಟ್ಟಿಗೆ ಹಾಕಿ, ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಿದ್ದೇನೆ, ಅದೂ ನಿನಗೆ ಹೇಳಿರಲಿಲ್ಲ. ಟೆಸ್ಟರ್ ಇಟ್ಟು ನೋಡಿ ಇನ್ನೇನು ಬಟನ್ ಒತ್ತಬೇಕು, ಅವಳು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ಎಳೆದುಕೊಂಡಳು. ಕುತ್ತಿಗೆಯ ನರ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು. ಬೀಳುತ್ತಾಳೆ ಅಂತಲೇ ನಾನು ಎರಡು ಕೈ ಚಾಚಿ ನಿಂತಿದ್ದೆ.

ಬೀಳಲಿಲ್ಲ. ಅವಳು ಕೈ ತಿರುಗಿಸಿದಳು ಅಪ್ಪಾ. ಅಂಗೈ ತನ್ನ ಕಡೆ, ಹಿಂಬದಿ ಪೆಟ್ಟಿಗೆಯ ಕಡೆ. ನೀನು ಅವಳಿಗೆ ಯಾವತ್ತೂ ಕಲಿಸಿದವನಲ್ಲ, ನೋಡಿ ನೋಡಿ ಕಲಿತಿದ್ದಳು. ಮೆಲ್ಲಗೆ ತಾಗಿಸಿದಳು, ತೆಗೆದಳು, ಮತ್ತೆ ತಾಗಿಸಿದಳು. ಆಮೇಲೆ ಒಂದು ಬೆರಳಲ್ಲಿ ಹಸಿರು ಬಟನ್ ಒತ್ತಿದಳು. ಮೋಟರು ಎದ್ದಿತು, ಪೈಪು ಕೆಮ್ಮಿ ನೀರು ಬಂತು. ನೀರನ್ನೊಮ್ಮೆ ನೋಡಿ, ಅತ್ತೆಯ ಭುಜ ಹಿಡಿದು ಮನೆಯ ಕಡೆ ಹೊರಟಳು.

ತೆಂಗಿನ ಪಾತಿಗಳಿಗೆ ನೀರು ತಿರುಗಿಸಿ ಮುಗಿಸಿ ಮೋಟರು ನಿಲ್ಲಿಸಲು ಪಂಪ್ ಮನೆಗೆ ಹೋಗುತ್ತಿದ್ದೆ. ಊಟದ ಹೊತ್ತು. ಮನೆಯ ಹಿತ್ತಿಲಿನಿಂದ ಅವಳ ದನಿ ಕೇಳಿತು, ಅದೇ ಹಳೇ ದನಿ, ಹೊಲ ದಾಟಿ ಬರುವಷ್ಟು ಜೋರು.

"ಮುದ್ದೆ ಆರಿದ್ರೆ ಆರ್ಲಿ ಕಣವ್ವಾ, ನಿಧಾನಕ್ಕೆ ಬಾ."

ನಾನು ಟೆಸ್ಟರ್ ಇಟ್ಟು ನೋಡಿದೆ, ಕೈ ತಿರುಗಿಸಿ ನೋಡಿದೆ, ಆಮೇಲೆ ಬಟನ್ ಒತ್ತಿದೆ. ನಿಧಾನಕ್ಕೇ ಹೋದೆ ಅಪ್ಪಾ. ಮುದ್ದೆ ಆರಿತ್ತು, ಮೂವರೂ ಉಂಡೆವು.

ನಿನ್ನ ಮಗಳು,
ಭಾಗ್ಯ